ಟ್ಯಾಂಕಿನ ಬಣ್ಣದ ಬಗ್ಗೆ ಒಂದು ಅರಿಕೆ

ಸದ್ಯ ಮಗಳ ಮನೆಯಲ್ಲಿ ಬೀಡುಬಿಟ್ಟಿರುವ ನನ್ನ ಧರ್ಮಪತ್ನಿಯವರ ಸನ್ನಿಧಿಗೆ,

ವಿಷಯ: ನಮ್ಮ ಹಳೆಯ ಮೋಟರ್‌ಸೈಕಲ್ಲಿನ ಮೂಲ ಬಣ್ಣ.

ಮೇಲ್ಕಂಡ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಗಾಡಿಯನ್ನು ಕೊಂಡ ದಿನದಂತೆಯೇ ಮಾಡಿ ನಿಲ್ಲಿಸಬೇಕೆಂದು ನಾನು ನಡುಮನೆಯಲ್ಲಿ ಬಿಚ್ಚಿ ಹರಡಿದ್ದು ತಮಗೆ ತಿಳಿದೇ ಇದೆ. ಕಳೆದ ಭಾನುವಾರ ಕಪ್ಪು ಬಣ್ಣದ ಡಬ್ಬಿ ತಂದಾಗ ತಾವು, "ಅದು ಹಸಿರು ಕಣ್ರೀ. ಮೊದಲ್ನೇ ಸಲ ಹೆಣ್ಣು ನೋಡೋಕೆ ನಮ್ಮನೆಗೆ ಬಂದಾಗ ಹಸಿರೇ ಇತ್ತು" ಎಂದಿರಿ. ನಾನು, "ಯಾರ ಗಾಡಿ ನೋಡಿ ಒಪ್ಕೊಂಡ್ಯೋ ಏನೋ!" ಎಂದು ನಕ್ಕೆ. ತಾವು ನಗಲಿಲ್ಲ, ಚೀಲ ತೆಗೆದುಕೊಂಡು ಹೊರಟಿರಿ.

ತಮ್ಮ ಮಾತು ತಪ್ಪೆಂದು ರುಜುವಾತುಪಡಿಸುವ ಉದ್ದೇಶದಿಂದ ಇಂದು ಬೆಳಿಗ್ಗೆ ಉಪ್ಪುಕಾಗದ ಹಿಡಿದು ಟ್ಯಾಂಕನ್ನು ಉಜ್ಜಿದೆನು. ಕಪ್ಪಿನ ಕೆಳಗೆ ಹಸಿರು ಕಂಡಿತು. ಅಂಗೈಯಗಲ ಉಜ್ಜಿದರೂ ಹಸಿರೇ. ಅದನ್ನು ಕಪ್ಪು ಮಾಡಿಸಿದ್ದು ಯಾವಾಗ, ಏಕೆ ಎಂಬುದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಗಾಡಿ ಎಂದೂ ಬೇರೆಯವರ ಕೈಗೆ ಹೋಗಿಲ್ಲವಾದ್ದರಿಂದ ನಾನೇ ಮಾಡಿಸಿರಬೇಕು. ಇಷ್ಟು ವರ್ಷಗಳಲ್ಲಿ ತಮ್ಮೊಡನೆ ವಾದ ಮಾಡಿ ಗೆದ್ದದ್ದು ಬಹಳವಿದೆ. ಅವುಗಳಲ್ಲಿ ಇನ್ನೆಷ್ಟನ್ನು ಹೀಗೆ ಉಜ್ಜಿ ನೋಡಬೇಕೋ ತಿಳಿಯದೆ ಉಪ್ಪುಕಾಗದವನ್ನು ಕೆಳಗಿಟ್ಟಿದ್ದೇನೆ.

ಆದಕಾರಣ ತಾವು ದಯಮಾಡಿ ಹಿಂದಿರುಗಿ, ಬಣ್ಣದಂಗಡಿಗೆ ನನ್ನೊಡನೆ ಬಂದು, ಅದು ಯಾವ ಹಸಿರೆಂದು ತೋರಿಸಿಕೊಡಬೇಕಾಗಿ ಕೋರುತ್ತೇನೆ. ಅಂಗಡಿಯವನಲ್ಲಿ ಒಂಬತ್ತು ಬಗೆಗಳಿವೆ. ಅಂದು ಬಾಗಿಲಲ್ಲಿ ನಿಂತು ನೋಡಿದವರು ತಾವೊಬ್ಬರೇ.

ಆ ದಿನ ತಾವು ಉಟ್ಟಿದ್ದ ಸೀರೆಯ ಬಣ್ಣವನ್ನೂ ತಿಳಿಸಬೇಕು. ನೀಲಿಯೆಂದು ನನ್ನ ನೆನಪು; ಈಗ ಗಟ್ಟಿಯಾಗಿ ಹೇಳಲು ಧೈರ್ಯವಿಲ್ಲ.

ಇಂತಿ ತಮ್ಮ ವಿಧೇಯ,
ಮನೆಯವರು