ಒಂದೇ ಒಂದು ಪೇಪರ್ ತಾಟು

ಅಕ್ಕಿಆಲೂರು
೧೭ ಸೆಪ್ಟೆಂಬರ್ ೨೦೨೫, ಬುಧವಾರ

ಪ್ರೀತಿಯ ಅವ್ವಾ,

ನಿನ್ನ ಮಗ ಸುನೀಲ ಮಾಡುವ ನಮಸ್ಕಾರ. ಹೇಗಿದ್ದೀ? ಅಬಲೂರಿಗೆ ಹೋದ ಮೇಲೆ ಮೊಣಕಾಲು ನೋವು ಇಳಿಯಿತೋ, ಇಲ್ಲ ಮಾವನ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಏರಿತೋ? ಬಿಪಿ ಗುಳಿಗೆ ದಿನಾ ನುಂಗುತ್ತಿದ್ದೀಯಾ, ಅಥವಾ ನಾನು ಕಟ್ಟಿಕೊಟ್ಟ ಹಾಗೆಯೇ ಚೀಲದ ತಳದಲ್ಲಿ ಮಲಗಿವೆಯಾ? ಅತ್ತೆಯ ಕಣ್ಣಿನ ಆಪರೇಷನ್ ಆಗಿ ಹನ್ನೆರಡು ದಿನವಾಯಿತು, ಈಗ ಪಟ್ಟಿ ತೆಗೆದಿರಬೇಕು. ಒಲೆಯ ಮುಂದೆ ಕೂತು ಹೊಗೆ ಕುಡಿಯಬೇಡ ಅಂತ ನಾನು ಹೇಳಿದೆ ಎಂದು ಹೇಳು. ನೀನು ಹೇಳಿದರೆ ಕೇಳುವುದಿಲ್ಲ, ನಾನು ಹೇಳಿದರೆ ನಕ್ಕಾದರೂ ಕೇಳುತ್ತಾಳೆ. ಇಲ್ಲಿ ಅಪ್ಪ ಆರಾಮ ಇದ್ದಾನೆ. ಗದ್ದೆಗೆ ನೀರು ಸಾಕಷ್ಟಿದೆ. ನೀನು ಇಲ್ಲ ಅಂತ ಕೆಂಪು ಆಕಳು ಹಾಲು ಕಡಿಮೆ ಮಾಡಿದೆ ಎಂಬುದು ಅಪ್ಪನ ತಕರಾರು. ಅಪ್ಪನಿಗೆ ಹಿಂಡಲು ಬರುವುದಿಲ್ಲ ಎಂಬುದು ನನ್ನ ತಕರಾರು.

ಫೋನ್ ಬಿಟ್ಟು ಪತ್ರ ಯಾಕೆ ಅಂತ ನಿನಗೆ ಆಶ್ಚರ್ಯವಾಗಿರಬೇಕು. ನಿನ್ನೆ ಎರಡು ಸಲ ನಂಬರ್ ಒತ್ತಿದೆ, ಎರಡು ಸಲವೂ ಕತ್ತರಿಸಿದೆ. ಫೋನ್ ಬಂತೆಂದರೆ ಮಾವ ಸ್ಪೀಕರ್ ಹಾಕುತ್ತಾನೆ, ಅತ್ತೆ ಹಾಸಿಗೆಯಿಂದಲೇ ಕೂಗಿ ಮಾತಾಡುತ್ತಾಳೆ, ಅರ್ಧ ಅಬಲೂರಿಗೆ ನಮ್ಮ ಮನೆಯ ಸುದ್ದಿ ಗೊತ್ತಾಗುತ್ತದೆ. ಈ ಸುದ್ದಿ ಅಂಥದ್ದಲ್ಲ. ನೀನು ಏಳನೇ ತನಕ ಕಲಿತವಳು, ಸಾವಕಾಶ ಓದುತ್ತೀ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಕೂತು ಓದು.

ನನ್ನ ಹಳೇ ವಾಲಿಬಾಲ್ ಗೆಳೆಯರು ಶನಿವಾರ, ಭಾನುವಾರ ಬರುತ್ತಾರೆ ಎಂದು ಹೇಳಿದ್ದೆನಲ್ಲ. ಬಂದರು. ಹಾನಗಲ್ಲ ಕಾಲೇಜಿನ ಟೀಮಿನ ಆರು ಮಂದಿಯೂ, ಅಂದರೆ ನಾನು ಮತ್ತು ಐವರು, ಎಂಟು ವರ್ಷದ ಮೇಲೆ ಒಂದು ಕಡೆ ಸೇರಿದೆವು. ಸವಣೂರಿನಿಂದ ಶೇಖಸಾಬ ವೀಳ್ಯದೆಲೆಯ ಕಟ್ಟು, ಚಹಾದ ಜೊತೆ ತಿನ್ನಲು ಎರಡು ಕಿಲೋ ಖಾರಾ ಹಿಡಿದುಕೊಂಡು ಬಂದ. ಹಿರೇಕೆರೂರಿನ ಫಕ್ಕೀರೇಶ ಬೀಜ ಗೊಬ್ಬರದ ಅಂಗಡಿಯಲ್ಲಿ ಕೂತೂ ಕೂತೂ ಎಷ್ಟು ಉಬ್ಬಿದ್ದಾನೆ ಎಂದರೆ, ಅವನ ಹಳೇ ಜರ್ಸಿ ಕುತ್ತಿಗೆಯಿಂದ ಕೆಳಗೆ ಇಳಿಯಲೇ ಇಲ್ಲ. ಇನ್ನಿಬ್ಬರು ಒಂದೇ ಬೈಕಿನಲ್ಲಿ ಬಂದರು, ಗೊಟಗೋಡಿಯಿಂದ ಕೊಟ್ರೇಶ ಬಂದ. ಅವನು ಈಗ ಬಸ್ ಕಂಡಕ್ಟರ್. ಸೋಮವಾರದ ತನಕ ರಜೆ ಹಾಕಿ ಬಂದೇನಿ, ಆರಾಮ ಇರತೇನಿ ಅಂತ ಬಂದಕೂಡಲೇ ಹೇಳಿದ. ಈ ಮಾತು ನೆನಪಿಟ್ಟುಕೋ ಅವ್ವಾ.

ಆಟಕ್ಕೆ ನಮ್ಮ ಮಿಲ್ಲಿನ ಭತ್ತ ಒಣಗಿಸುವ ಕಟ್ಟೆಯೇ ಸಿಕ್ಕಿತು. ಈಗ ಸುಗ್ಗಿ ಅಲ್ಲವಲ್ಲ, ಖಾಲಿ ಬಿದ್ದಿದೆ. ಎರಡು ಬಿದಿರು ನಿಲ್ಲಿಸಿ ನೆಟ್ ಕಟ್ಟಿದೆವು. ಎದುರು ಟೀಮು ನಮ್ಮ ಮಿಲ್ಲಿನ ಹಮಾಲರು. ದಿನಾ ಚೀಲ ಹೊರುವ ಮಂದಿ, ಚೆಂಡಿಗೆ ಒಂದು ಬಾರಿಸಿದರೆಂದರೆ ಅದು ಕಾಂಪೌಂಡು ದಾಟಿ ರಸ್ತೆಗೆ ಹೋಗಬೇಕು. ಮೊದಲನೇ ಆಟ ಸೋತೆವು. ಎರಡನೆಯದಕ್ಕೆ ಕೊಟ್ರೇಶನ ಕೈ ಪಳಗಿತು. ಅವನು ಲಿಫ್ಟರ್, ನಿನಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ಬೇರೆಯವನು ಹೊಡೆಯಲು ಅನುಕೂಲ ಆಗುವಂತೆ ಚೆಂಡನ್ನು ನೆಟ್ಟಿನ ಮೇಲೆ ಎತ್ತಿ ಕೊಡುವವನು. ಕಾಲೇಜಿನಲ್ಲಿ ಸುನೀಲನ ಸ್ಮ್ಯಾಶ್, ಸುನೀಲನ ಸ್ಮ್ಯಾಶ್ ಎಂದು ಹೆಸರಾಗಿತ್ತಲ್ಲ, ಅದೆಲ್ಲ ಅವನು ಎತ್ತಿ ಕೊಟ್ಟ ಚೆಂಡು. ಶನಿವಾರವೂ ಹಾಗೇ ಎತ್ತಿ ಕೊಟ್ಟ, ನಾನು ಹೊಡೆದೆ, ಗೆದ್ದೆವು.

ಸಂಜೆ ನಮ್ಮ ಅಂಗಳದಲ್ಲೇ ಕರೋಕೆ. ಸೌಂಡ್ ಸರ್ವಿಸಿನವನ ಹತ್ತಿರ ಒಂದು ಸ್ಪೀಕರ್, ಎರಡು ಮೈಕು ತಂದಿದ್ದೆ. ಫೋನಿನಲ್ಲಿ ಬರೀ ವಾದ್ಯ ಬರುತ್ತದೆ, ಹಾಡು ನಾವು ಹಾಡಬೇಕು. ಫಕ್ಕೀರೇಶ ಮೈಕು ಹಿಡಿದಕೂಡಲೇ ಕೆಂಪು ಆಕಳು ಗೂಟ ಕಿತ್ತುಕೊಳ್ಳಲು ನೋಡಿತು, ನಿನ್ನಾಣೆ. ಶೇಖಸಾಬ ಚರಣವನ್ನು ಮೊದಲು ಹಾಡಿ ಪಲ್ಲವಿಯನ್ನು ಆಮೇಲೆ ಹುಡುಕಿದ. ಆಮೇಲೆ ಕೊಟ್ರೇಶ ಹಾಡಿದ. ಎಂಥ ಕಂಠ ಅವ್ವಾ! ಮಗ್ಗಲು ಮನೆಯ ಸರೋಜವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಅಪ್ಪ ಕಟ್ಟೆಯ ಮೇಲೆ ಸರಿದು ಕೂತು, "ಇಲ್ಲಿ ಬಾ, ಮತ್ತೊಂದು ಹಾಡಪಾ ತಮ್ಮಾ" ಅಂದ. ಕೊಟ್ರೇಶ ಅಪ್ಪನ ಮಗ್ಗಲಲ್ಲೇ ಕೂತು ಮೂರು ಹಾಡು ಹಾಡಿದ.

ಈಗ ನಿಜವಾದ ಸಂಗತಿ. ಶುಕ್ರವಾರವೇ ನಾನು ಸಂತೆಪೇಟೆಗೆ ಹೋಗಿ ಪೇಪರ್ ತಾಟಿನ ಎರಡು ಕಟ್ಟು ತಂದಿದ್ದೆ. ಅಪ್ಪ ನೋಡಿ ಕೇಳಿದ್ದ, "ಗ್ವಾಡಿ ಮಾಡದಾಗ ಅಷ್ಟು ತಾಟು ಅದಾವು, ಇವನ್ನ್ಯಾಕ ತಂದೀ?" ತೊಳೆಯುವವರು ಯಾರು, ಅವ್ವ ಊರಲ್ಲಿಲ್ಲ ಅಂದೆ. ಸುಳ್ಳು. ಆರು ತಾಟು ತೊಳೆಯಲು ನನಗೆ ಕೈ ಇರಲಿಲ್ಲವೇ? ಕೊಟ್ರೇಶನ ಸಲುವಾಗಿ ತಂದಿದ್ದೆ. ಅವರ ಮನೆಯವರು ದಲಿತರು, ಅವರಪ್ಪ ಮಾರೆಪ್ಪನ ಕಾಲಕ್ಕೆ ಬೌದ್ಧರಾದವರು ಎಂಬುದು ನಿನಗೆ ಗೊತ್ತಿದ್ದದ್ದೇ. ಕಾಲೇಜಿನಲ್ಲಿದ್ದಾಗ ಅವನು ಒಮ್ಮೆ ಮನೆಗೆ ಬಂದಿದ್ದ. ನೀನು ಎಲ್ಲರಿಗೂ ಚಹಾ ಕೊಟ್ಟೆ, ಎಲ್ಲರ ಗ್ಲಾಸು ಒಳಗೆ ಹೋದವು. ಅವನ ಗ್ಲಾಸಿಗೆ ನೀನು ಮೇಲಿನಿಂದ ನೀರು ಹಾಕಿದೆ, ಅವನೇ ತೊಳೆದು ಕಟ್ಟೆಯ ಮೂಲೆಗೆ ಬೋರಲು ಇಟ್ಟ. ನೀನು ಒಂದು ಮಾತೂ ಬಿರುಸು ಆಡಲಿಲ್ಲ, ಬಿಸ್ಕೀಟು ಸಹ ಅವನಿಗೆ ಎರಡು ಹೆಚ್ಚೇ ಕೊಟ್ಟೆ. ನಾನು ಕಂಡೂ ಕಾಣದವನ ಹಾಗೆ ಬೂಟಿನ ಲಾಡಿ ಕಟ್ಟುತ್ತ ಕೂತಿದ್ದೆ. ಈ ಸಲ ಅಂಥ ಪೇಚು ಬೇಡ, ಎಲ್ಲರಿಗೂ ಪೇಪರ್ ತಾಟೇ ಹಾಕಿದರೆ ಯಾರಿಗೂ ಏನೂ ಅನಿಸುವುದಿಲ್ಲ, ನಿನ್ನ ಮನಸ್ಸೂ ಉಳಿಯುತ್ತದೆ, ಅವನ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಭಾರೀ ಶಾಣ್ಯಾ ಆಗಿದ್ದೆ.

ಶನಿವಾರ ಎಲ್ಲ ಸುಸೂತ್ರವಾಯಿತು. ಆದರೆ ರಾತ್ರಿ ಊಟಕ್ಕೆ ಹಮಾಲರೂ ಬಂದರು, ತಾಟು ಮೆತ್ತಗಾಗುತ್ತವೆ ಎಂದು ಒಬ್ಬೊಬ್ಬರು ಎರಡೆರಡು ಹಿಡಿದರು. ಭಾನುವಾರ ಬೆಳಿಗ್ಗೆ ಮಂಡಕ್ಕಿ ಮಿರ್ಚಿಗೆ ಮತ್ತಷ್ಟು ಹೋದವು. ಮಧ್ಯಾಹ್ನ ಆಟ ಮುಗಿಸಿ, ಹಸಿದು, ಬೆವರಿಕೊಂಡು ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ಸರೋಜವ್ವನ ರೊಟ್ಟಿ, ಎಣಗಾಯಿ, ನಾನು ಮಾಡಿದ ಅನ್ನ ಸಾರು. ಒಳಗೆ ಹೋಗಿ ನೋಡಿದರೆ ಕಟ್ಟಿನಲ್ಲಿ ಉಳಿದದ್ದು ಒಂದೇ ಒಂದು ಪೇಪರ್ ತಾಟು.

ಮಾಡದಲ್ಲಿ ಸ್ಟೀಲ್ ತಾಟು ಇಪ್ಪತ್ತರ ಮೇಲಿದ್ದವು. ನಾನು ಐದು ತೆಗೆದೆ. ಆರನೆಯದಕ್ಕೆ ಕೈ ಹಾಕಲಿಲ್ಲ. ಐದು ಸ್ಟೀಲು, ಅದರ ಮೇಲೆ ಒಂದು ಪೇಪರು, ಹೀಗೆ ಹಿಡಿದುಕೊಂಡು ಹೊರಗೆ ಬಂದು, ಕೊಟ್ರೇಶನ ಮುಂದೆ ಪೇಪರ್ ತಾಟು ಇಟ್ಟು, ಉಳಿದವರ ಮುಂದೆ ಸ್ಟೀಲ್ ತಾಟು ಇಟ್ಟು, ನನ್ನ ಮುಂದೂ ಒಂದು ಸ್ಟೀಲ್ ತಾಟು ಇಟ್ಟುಕೊಂಡು ಕೂತೆ. ವಿಚಾರ ಮಾಡಿ ಮಾಡಿದ್ದಲ್ಲ ಎಂದು ಹೇಳಲು ಬಾಯಿಗೆ ಬರುತ್ತದೆ. ವಿಚಾರ ಮಾಡದೇ ಮಾಡಿದೆ ಎಂಬುದೇ ನನಗೆ ಹೆಚ್ಚು ಹೇಸಿಗೆ ಆಗಿರುವುದು. ಅವ್ವಾ, ನೀನು ಅಬಲೂರಿನಲ್ಲಿದ್ದೆ, ಅಪ್ಪ ಗದ್ದೆಗೆ ಹೋಗಿದ್ದ. ಮನೆಯಲ್ಲಿ ನನಗೆ ಹೆದರಿಕೆ ಹಾಕುವ ಒಂದು ಪಿಳ್ಳೆಯೂ ಇರಲಿಲ್ಲ. ಇಷ್ಟು ದಿನ, ನನಗೇನಿಲ್ಲಪ್ಪಾ, ನಮ್ಮವ್ವನದು ಮಡಿ, ಎಂದು ನನಗೆ ನಾನೇ ಹೇಳಿಕೊಂಡು ನಿನ್ನ ಸೆರಗಿನ ಹಿಂದೆ ನಿಂತಿದ್ದೆ. ಆರನೇ ತಾಟಿಗೆ ಹೋಗದ ಆ ಕೈ ನಂದೇ.

ಅವನು ಒಂದು ಸಲ ನನ್ನ ತಾಟು ನೋಡಿದ, ಆಮೇಲೆ ಊಟ ಮಾಡಿದ. ಅರ್ಧ ತಟ್ಟೆ ತಿಂದು ಎದ್ದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೋ ಏನೋ. ಇಲ್ಲ, "ಸಾರು ಚೊಲೊ ಆಗೇತಿ, ಇನ್ನೊಂದೀಟು ಹಾಕು" ಅಂತ ಎರಡನೇ ಸಲ ಹಾಕಿಸಿಕೊಂಡ. ಸಾರಿಗೆ ತಾಟು ನೆನೆದು ಬಾಗಿತು, ಎಡಗೈಯನ್ನು ಅಡಿಗೆ ಕೊಟ್ಟು ಎತ್ತಿ ಹಿಡಿದುಕೊಂಡು ಉಂಡ. ಆಗಲಾದರೂ ನಾನು ಎದ್ದು ಬೇರೆ ತಾಟು ತರಬಹುದಿತ್ತು. ತಂದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಕೂತೆ. ಉಳಿದವರು ಉಂಡು ತಾಟನ್ನು ಬಚ್ಚಲಿಗೆ ಇಟ್ಟರು. ಅವನು ತನ್ನದನ್ನು ಮಡಿಚಿ ಕೈಯಲ್ಲಿ ಹಿಡಿದು, "ಇದನ್ನ ಎಲ್ಲಿ ಒಗೀಲಿ?" ಅಂತ ಕೇಳಿದ. ನಾನು ಹಿತ್ತಲಿನ ತಿಪ್ಪೆ ತೋರಿಸಿದೆ. ಕೈಯಿಂದ ಇಸಿದುಕೊಳ್ಳಲೂ ಇಲ್ಲ.

ಊಟದ ಮೇಲೆ ಮತ್ತೆ ಹಾಡು ಎಂದು ಫಕ್ಕೀರೇಶ ಸ್ಪೀಕರ್ ಹಚ್ಚಿದ. ಕೊಟ್ರೇಶ ಮೈಕು ಮುಟ್ಟಲಿಲ್ಲ. "ಗಂಟಲಾ ಹಿಡದೈತಿ ಮಾರಾಯಾ" ಅಂದ, ಡ್ಯೂಟಿಗೆ ಕರೆದಿದ್ದಾರೆ ಎಂದ, ನಾಲ್ಕು ಗಂಟೆಯ ಬಸ್ಸಿಗೆ ಹೋಗೇಬಿಟ್ಟ. ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ ಎಂದರೆ ಬೇಡ ಎಂದ. ಅವನು ಅತ್ತ ಹೋದಮೇಲೆ ಶೇಖಸಾಬ ನನ್ನನ್ನು ಹಿತ್ತಲಿಗೆ ಕರೆದ. "ನನಗ ಸ್ಟೀಲ್ ತಾಟು ಹಾಕಿದಿ. ಅವಗ ಯಾಕ ಅದನ್ನ ಹಾಕಿದಿ? ಯಾರು ಹೇಳಿದ್ರು ನಿನಗ?" ಎಂದು ಕೇಳಿದ. ಒಂದೇ ಉಳಿದಿತ್ತು ಅಂದೆ. "ಒಂದ ಉಳದಿದ್ರ ನೀ ಉಣ್ಣಬೇಕಾಗಿತ್ತು. ಮನಿ ಯಜಮಾನ ನೀನು" ಅಂದ. ಇಂಥ ಸೀದಾ ಮಾತು ನನಗೆ ಹೊಳೆದೇ ಇರಲಿಲ್ಲ ನೋಡು.

ಸೋಮವಾರ ಕೊಟ್ರೇಶನಿಗೆ ಫೋನ್ ಮಾಡಿದೆ. ತಪ್ಪಾಯಿತು ಎಂದೆ. ಅವನು ಬೈಯಲಿಲ್ಲ. "ಏ ಬಿಡಪಾ, ಅದೇನ ಹೊಸಾದೇನು" ಅಂದ. ಬೈದಿದ್ದರೆ ತಿರುಗಿ ಮಾತಾಡಲು ಏನಾದರೂ ಸಿಗುತ್ತಿತ್ತು. ಆಮೇಲೆ ಟೀಮಿನ ವಾಟ್ಸಪ್ ಗುಂಪಿನಲ್ಲಿ ಎಲ್ಲರೂ ಫೋಟೋ ಹಾಕುತ್ತಿದ್ದಾರೆ, ಅವನು ಒಂದು ಅಕ್ಷರ ಹಾಕಿಲ್ಲ. ಅಪ್ಪನಿಗೂ ಹೇಳಿದೆ. "ನಾ ಹೇಳಿದ್ನೇನು ಹಂಗ ಮಾಡಂತ?" ಎಂದು ನನ್ನ ಮೇಲೇ ರೇಗಿದ. ಹೇಳಿಲ್ಲ, ಖರೆ. ಆದರೆ ಅಪ್ಪನೂ ಈ ಅರವತ್ತು ವರ್ಷದಲ್ಲಿ ನಮ್ಮೂರ ದಲಿತರ ಕೇರಿಯ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದವನಲ್ಲ, ಅದನ್ನೂ ಹೇಳಿದೆ. ಅಂದಿನಿಂದ ಇಬ್ಬರೂ ಬಿಗಿದುಕೊಂಡಿದ್ದೇವೆ. ಊಟಕ್ಕೆ ಬಾ ಎಂದು ಆಕಳಿಗೆ ಹೇಳಿದ ಹಾಗೆ ಮಾಡಿ ನನಗೆ ಹೇಳುತ್ತಾನೆ.

ನಿನಗೆ ಬೇಸರ ಮಾಡಬೇಕು ಎಂದು ಬರೆದದ್ದಲ್ಲ. ನೀನು ಕಲಿಸಿದೆ ಎಂದು ನಿನ್ನ ಮೇಲೆ ಹಾಕಿದರೆ ನಾನು ಮತ್ತೆ ಪಾರಾಗುತ್ತೇನೆ, ಅದು ಬೇಡ. ಇಪ್ಪತ್ತೆಂಟು ವರ್ಷದ ಕೋಣ ನಾನು. ಆದರೆ ನನಗೆ ಇದನ್ನು ಹೇಳಲು ನಿನ್ನ ಹೊರತು ಯಾರೂ ಇಲ್ಲ, ನಾಚಿಕೆ ಆಗುವುದೂ ನಿನ್ನ ಮುಂದೆಯೇ ಹೆಚ್ಚು. ತಾಟಿನ ಮುಂದೆ ಕೂತರೆ ಅವನ ಎಡಗೈ ಕಾಣುತ್ತದೆ.

ಅತ್ತೆಗೆ, ಮಾವನಿಗೆ ನಮಸ್ಕಾರ ಹೇಳು. ಗುಳಿಗೆ ಮರೆಯಬೇಡ, ರಾತ್ರಿ ಮೆಟ್ಟಿಲು ಇಳಿಯುವಾಗ ಲೈಟು ಹಾಕಿಕೋ. ಅತ್ತೆಯ ಕಣ್ಣು ನೆಟ್ಟಗಾದಕೂಡಲೇ ಬಂದುಬಿಡು, ಮನೆ ಮನೆಯ ಹಾಗಿಲ್ಲ.

ನಿನ್ನ ಆಶೀರ್ವಾದ ಬೇಡುವ ತಪ್ಪಿತಸ್ಥ ಮಗ,
ಸುನೀಲ ಗೋಣೆಪ್ಪ

ತಾ.ಕ.: ಒಂದು ಸಂಗತಿ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪೋಸ್ಟಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಮಿಲ್ಲಿಗೆ ರಜೆ ಹಾಕಿ ಗೊಟಗೋಡಿಗೆ ಹೋಗಿದ್ದೆ. ಕೊಟ್ರೇಶ ಡ್ಯೂಟಿಗೆ ಹೋಗಿದ್ದ, ಅವರವ್ವ ಶಾರವ್ವ ಒಬ್ಬರೇ ಇದ್ದರು. ನನ್ನನ್ನು ಒಳಗೆ ಕರೆದು ಕೂರಿಸಿ ಬಿಸಿ ರೊಟ್ಟಿ ಹಾಕಿದರು. ಅವರಿಗೆ ಏನೂ ಗೊತ್ತಿಲ್ಲ. "ನಿಮ್ಮ ಮನ್ಯಾಗ ಭಾಳ ಚೊಲೊ ನೋಡ್ಕೊಂಡ್ರಂತ, ನಿಮ್ಮಪ್ಪಾರು ಮಗ್ಗಲದಾಗ ಕುಂಡ್ರಿಸಿಕೊಂಡು ಹಾಡ ಹೇಳಿಸಿದ್ರಂತ" ಎಂದು ಹಿಗ್ಗಿ ಹಿಗ್ಗಿ ಹೇಳಿದರು. ಅವನು ಮನೆಯಲ್ಲಿ ನನ್ನ ಮಾನ ಕಾದಿದ್ದಾನೆ. ನನಗೆ ತಡೆಯಲಿಲ್ಲ. ಶೀಗಿ ಹುಣ್ಣಿಮೆಗೆ ನಮ್ಮ ಗದ್ದೆಯ ಬೆಳೆಗೆ ಎಡೆ ಒಯ್ದು ಚರಗ ಚೆಲ್ಲಲು ನೀವೂ ಕೊಟ್ರೇಶನೂ ಬರಬೇಕು, ನಮ್ಮವ್ವನ ಸಾಲಿನಲ್ಲೇ ಕೂತು ಉಣ್ಣಬೇಕು, ನಮ್ಮವ್ವನೇ ಕರೆದು ಬಾ ಎಂದು ಕಳಿಸಿದ್ದಾಳೆ ಎಂದುಬಿಟ್ಟೆ. ನಿನ್ನನ್ನು ಕೇಳದೇ ನಿನ್ನ ಹೆಸರು ಹೇಳಿದೆ. ಅವರು ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಎರಡು ಸಲ ಕೇಳಿದರು, "ಖರೇನ ನಿಮ್ಮವ್ವಾರು ಕರದಾರೇನು?" ಅಂತ. ಅವ್ವಾ, ನಾನು ಎರಡು ಸಲವೂ ಖರೆ ಅಂದೆ.