ಹಸುವಿನ ಪೂರ್ತಿ ಹೆಸರು

ತಮ್ಮಾ ಕಾರ್ಮಕ್,

ಒಲೆ ಮೇಲೆ ಕುರಿಮಾಂಸದ ಸಾರಿದೆ, ಬಿಸಿ ಮಾಡಿಕೋ. ಬೂದಿ ನೀನು ಇವತ್ತೂ ತೆಗೆದಿಲ್ಲ. ಇರಲಿ, ಇವತ್ತು ಬಯ್ಯುವ ಮನಸ್ಸಿಲ್ಲ.

ಸಕ್ಕರೆ ಡಬ್ಬಿಯ ಕೆಳಗೆ ಚರ್ಚಿನಿಂದ ಬಂದ ಕಾಗದವಿದೆ. ಒದ್ದೆ ಕೈಯಲ್ಲಿ ಮುಟ್ಟಬೇಡ. ಐರ್ಲೆಂಡಿನಿಂದ ಹಡಗು ಹತ್ತಿ ಈ ವರ್ಮಾಂಟಿಗೆ ಬಂದ ನಮ್ಮ ಹೊನೋರಾ ಅಜ್ಜಿಯ ಮದುವೆ ದಾಖಲೆ. ಹುಟ್ಟಿದೂರು: ಲಿಸಾವಾರಾ.

ಹೌದು ಕಣೋ, ನಮ್ಮ ಹಸುವಿನ ಹೆಸರೇ! ಅದರ ತಾಯಿಯದೂ ಅದೇ, ಆ ತಾಯಿಯ ತಾಯಿಯದೂ ಅದೇ. ಕೇಳಿದರೆ ಅಪ್ಪ, "ಮೊದಲಿಂದ್ಲೂ ಹಾಗೇ ಕರೀತೀವಿ, ಅದಕ್ಕೂ ಅರ್ಥ ಬೇಕೇನೇ?" ಅನ್ನುತ್ತಿದ್ದರು. ಆ ಊರಿಗಾಗಿ ಎಷ್ಟು ವರ್ಷ ಹುಡುಕಿದೆವು! ದಿನಾ ಸಂಜೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ಅದನ್ನೇ ಕೂಗುತ್ತಿದ್ದೆವು.

ಸೋದರತ್ತೆಗೆ ಹೇಳಿಬರಲು ಹೊರಟೆ. ಹಾಲು ಕರೆಯುವ ಮೊದಲು "ಏ ಲಿಸ್ಸೀ" ಅಂತ ಮೊಟಕು ಮಾಡದೆ ಪೂರ್ತಿ ಹೆಸರು ಹಿಡಿದು ಕರೆ. ಅಜ್ಜಿಯ ಊರೇ ಹುಲ್ಲುಗಾವಲು ದಾಟಿ ನಡೆದು ಬರುತ್ತದೆ, ನೋಡು.

ಊನಾ