ಮಾಸ್ತರರ ಮುಂಜಾವು

ಶಹಾಪುರ
೨೦ ಜನವರಿ ೧೯೫೬

ನಮ್ಮ ಮನೆಯ ಮಾಸ್ತರರಿಗೆ ಮೋನಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ನಾನೂ ಅತ್ತೆಯವರೂ ಚೆನ್ನಾಗಿದ್ದೇವೆ. ನಿಮ್ಮ ಪತ್ರ ಸಂಕ್ರಾಂತಿಗೆ ಮುಂಚೆಯೇ ಬಂದಿತ್ತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡಿ. ಸೋಮಾರಿತನದಿಂದ ತಡವಾದದ್ದಲ್ಲ, ನೀವು ಹಚ್ಚಿದ ಕೆಲಸದಿಂದ ತಡವಾಯಿತು.

ಕ್ಷಯದ ದವಾಖಾನೆಯಲ್ಲಿ ಮಗ್ಗುಲು ಬದಲಿಸುವುದಕ್ಕೂ ನರ್ಸಮ್ಮನ ಅಪ್ಪಣೆ ಬೇಕು, ಮಲಗಿದಲ್ಲಿಂದ ಕಾಣುವುದು ಸುಣ್ಣ ಬಳಿದ ಗೋಡೆ ಒಂದೇ ಎಂದು ಬರೆದಿದ್ದಿರಿ. ಅದರ ಕೆಳಗೇ, ಕ್ಯಾಮೆರಾ ಗೂಟಕ್ಕಿದೆ, ಗುಡ್ಡದ ಅಗಲ ಬಂಡೆಯ ಮೇಲೆ ನಿಂತು ಹೊತ್ತು ಮೂಡುವ ಮುಂಚಿನ ಮುಗಿಲಿನ ಫೋಟೋ ತೆಗೆದು ಕಳಿಸು ಎಂದಿದ್ದಿರಿ. ಓದಿ ಹೇಳಿದಾಗ ಅತ್ತೆ ಹಣೆಗೆ ಕೈಹಚ್ಚಿ ಕೂತರು. “ಜಡ್ಡಾದ ಮನಶ್ಯಾ ಹಾಲು ಕೇಳ್ತಾನ, ಹಣ್ಣು ಕೇಳ್ತಾನ. ನನ್ನ ಮಗ ಮುಗಲ ಕೇಳ್ಯಾನ” ಎಂದರು.

ಆದರೂ ನಾನು ಕ್ಯಾಮೆರಾ ಇಳಿಸಿದೆ. ಆ ಕಪ್ಪು ಡಬ್ಬಿಯನ್ನು ಇಷ್ಟು ವರ್ಷ ಧೂಳು ಒರೆಸುವುದಕ್ಕಷ್ಟೇ ಮುಟ್ಟಿದವಳು ನಾನು. ನೀವು ಬರೆದ ಗುರುತು ಹಿಡಿದು, ಕೆರೆಯ ಏರಿ ದಾಟಿ, ಹುಣಸೆಗಿಡಗಳ ನಡುವಿನ ಕಾಲುದಾರಿಯಲ್ಲಿ ಹತ್ತಿದೆ. ಬಂಡೆ ಸಿಕ್ಕಿತು. ಡಬ್ಬಿಯ ಮೇಲಿನ ಸಣ್ಣ ಗಾಜಿನೊಳಗೆ ಬಗ್ಗಿ ನೋಡಿದರೆ ಎಡಕ್ಕಿದ್ದದ್ದು ಬಲಕ್ಕೆ ಕಾಣುತ್ತದೆ ಎಂದು ನೀವು ಹೇಳಿರಲಿಲ್ಲ. ಕೆಂಪು ಮೋಡವನ್ನು ಹಿಡಿಯಲು ನಾನು ಈ ಕಡೆ ತಿರುಗಿದರೆ ಅದು ಆ ಕಡೆ ಓಡುತ್ತಿತ್ತು. ಅಂತೂ ರೀಲು ಮುಗಿಯಿತು. ಒಳಗೆ ಏನು ಬಂದಿದೆಯೋ ನೋಡೋಣ ಎಂದು ಅಲ್ಲೇ ಬಿಸಿಲಲ್ಲಿ ಹಿಂದಿನ ಮುಚ್ಚಳ ತೆರೆದೆ.

ಅದನ್ನು ತೊಳೆಯಲು ಯಾದಗಿರಿಗೆ, ನಿಮ್ಮ ಗೆಳೆಯ ಚಾಂದಪಾಶಾ ಅಣ್ಣನ ಫೋಟೋ ಅಂಗಡಿಗೆ, ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದೆ. ಮರಳಿ ಬಂದದ್ದು ಒಂದು ಕರಿ ಪಟ್ಟಿ. ಅತ್ತೆಯವರ ಕಣ್ಣಿಗೆ ಔಷಧ ತರುವ ನೆವದಲ್ಲಿ ನಾನೇ ಹೋದೆ. ಅಣ್ಣ ನಗಲಿಲ್ಲ. “ಭಾಬಿ, ರೀಲು ಬಿಸಲು ಕಂಡ್ರ ಕೆಲಸ ಖತಮ್. ನಸುಕಿನ್ಯಾಗ ತಗೀವಾಗ ಕೈಯಾಗ ಹಿಡೀಬ್ಯಾಡ್ರಿ. ಕಲ್ಲಿನ ಮ್ಯಾಲ ಇಡ್ರಿ, ಗುಂಡಿ ಒತ್ತಿ ಹಿಡದು, ಉಸಿರು ಬಿಗಿಹಿಡೀರಿ” ಎಂದು ಖಾಲಿ ಕ್ಯಾಮೆರಾದಲ್ಲಿ ಮತ್ತೆ ಮತ್ತೆ ಮಾಡಿಸಿದರು.

ಇದರ ಜೊತೆಗಿರುವ ಫೋಟೋ ಎರಡನೆಯ ರೀಲಿನದು. ಸರಿ ಬಂದದ್ದು ಇದೊಂದೇ. ಮೂಲೆಯಲ್ಲಿ ಕಾಣುವ ಕರಿ ದಿನ್ನೆ ನಮ್ಮ ಗುಡ್ಡವಲ್ಲ, ನನ್ನ ಹೆಬ್ಬೆರಳು.

ವೇಳೆಗೆ ಸರಿಯಾಗಿ ಉಣ್ಣಿರಿ. ಸೂಜಿ ಚುಚ್ಚುವವರ ಮೇಲೆ ಸಿಟ್ಟಾಗಬೇಡಿ.

ನಿಮ್ಮ
ಮೋನಮ್ಮ


ಶಹಾಪುರ
೧೧ ಏಪ್ರಿಲ್ ೧೯೫೬

ಮಾಸ್ತರರಿಗೆ ಮೋನಮ್ಮನ ನಮಸ್ಕಾರಗಳು.

ಹೋದ ತಿಂಗಳು ನಿಮ್ಮ ಪತ್ರ ಬೇರೆಯವರ ಕೈಬರಹದಲ್ಲಿ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಅದನ್ನು ಒಡೆಯದೆ ಸಂಜೆಯವರೆಗೆ ದೇವರ ಗೂಡಿನಲ್ಲೇ ಬಿಟ್ಟೆ. ಅತ್ತೆಯೇ ಕೊನೆಗೆ “ಓದವ್ವ, ಓದಲಿಲ್ಲಂದ್ರ ಏನ್ ಬದಲಾಗ್ತದ?” ಎಂದರು. ಪಕ್ಕೆಯ ಆಪರೇಷನ್ ಆಗಿದೆ, ಕೈ ಎತ್ತಲು ಬರುವುದಿಲ್ಲ, ಅದಕ್ಕೇ ಪಕ್ಕದ ಹಾಸಿಗೆಯ ಹುಲಗಪ್ಪನವರ ಕೈಲಿ ಬರೆಸಿದ್ದೀರಿ ಎಂದು ತಿಳಿದ ಮೇಲೆ ಉಸಿರು ಬಂತು. ಆಮೇಲೆ ಎಷ್ಟು ಸಲ ಕೂತರೂ ನಿಮಗೆ ಏನು ಬರೆಯಬೇಕೋ ತೋಚಲಿಲ್ಲ. ತೋಚದಾಗಲೆಲ್ಲ ಎದ್ದು ಗುಡ್ಡಕ್ಕೆ ಹೋದೆ.

ಊರು ಸುಮ್ಮನಿರಲಿಲ್ಲ. ನಮ್ಮ ಓಣಿಯ ಹಿರಿಯರು ಬಸವಂತ್ರಾಯ ಗೌಡರು ಒಂದು ಸಂಜೆ ಮನೆಗೇ ಬಂದು ಕಟ್ಟೆಯ ಮೇಲೆ ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನನಗೆ ಕೇಳಿಸಲೆಂದೇ ದನಿ ಏರಿಸಿದರು. “ಗೊಲ್ಲಾಳಮ್ಮ, ಮಾಸ್ತರ ಅಲ್ಲಿ ದವಾಖಾನ್ಯಾಗ ಮಲಗ್ಯಾನ. ಸೊಸಿ ಇಲ್ಲಿ ಬೆಳಕ ಹರಿಯೂ ಮುಂಚೆ ಒಬ್ಬಾಕಿನ ಗುಡ್ಡ ಹತ್ತತಾಳ. ಮಂದಿ ಏನಂತಾರ ಅನ್ನೂದು ನಿಮಗ ತಿಳೀವಲ್ದೇನು?”

ಮನೆಯಲ್ಲಿ ದಿನಾ ನನ್ನನ್ನು ಬೈಯುವವರು ಅತ್ತೆಯೇ. ಇನ್ನು ಮುಗಿಯಿತು ಎಂದುಕೊಂಡೆ.

“ಒಬ್ಬಾಕಿ ಯಾಕ ಹೋಗ್ತಾಳ್ರಿ ಗೌಡ್ರ” ಎಂದರು ಅತ್ತೆ. “ನಾನೂ ಹೋಗ್ತೇನಲ್ಲ ಜೋಡಿ. ನನ್ನ ಮಗ ಕೇಳ್ಯಾನ. ನಾವು ಕಳಸಾಕತ್ತೇವಿ. ಮಂದೀಗೆ ಹಂಗ ಹೇಳ್ರಿ.”

ಗೌಡರು ಚಹಾ ಕುಡಿಯದೆ ಎದ್ದರು. ಆ ದಿನದವರೆಗೆ ಅತ್ತೆ ಗುಡ್ಡದ ಬುಡಕ್ಕೂ ಬಂದವರಲ್ಲ. ಆಡಿದ ಮಾತು ಸುಳ್ಳಾಗಬಾರದೆಂದು ಮರುದಿನ ನನಗಿಂತ ಮುಂಚೆ ಎದ್ದು, ತಲೆಗೆ ಸೆರಗು ಬಿಗಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ದಾರಿಯುದ್ದಕ್ಕೂ ನಿಮಗೂ ನನಗೂ ಗೌಡರಿಗೂ ಸಮನಾಗಿ ಬೈದರು. ಬಂಡೆಗೆ ಒರಗಿ ಕೂತಾಗ ಏದುಸಿರು. ಕೆಳಗೆ ಕೆರೆ ಇನ್ನೂ ಕಪ್ಪಗಿತ್ತು. ಊರಿನ ಮಾಳಿಗೆಗಳ ಮೇಲೆ ಒಲೆಯ ಹೊಗೆ ಎದ್ದು ಒಂದೇ ಮಟ್ಟಕ್ಕೆ ನಿಂತಿತ್ತು. ಮೂಡಲಲ್ಲಿ ಮೊದಲು ಬೂದಿ, ಆಮೇಲೆ ಹಣ್ಣಾದ ಅತ್ತಿಹಣ್ಣಿನ ಒಳಗಿನ ಬಣ್ಣ. ನಾನು ಗುಂಡಿಯ ಮೇಲೆ ಬೆರಳಿಟ್ಟಿದ್ದೆ.

“ತಡಿ” ಎಂದರು ಅತ್ತೆ. “ಇನ್ನೊಂದೀಟು ಆಗಲಿ.”

ನಾನು ತಡೆದೆ. ಮೋಡದ ಅಂಚು ಹೊತ್ತಿಕೊಂಡಿತು. ಆಗ ಅವರೇ “ಹ್ಞೂಂ, ಈಗ” ಎಂದರು. ಇಳಿದು ಕೆರೆಯ ಏರಿಯ ಮೇಲೆ ಬಂದಾಗ “ಅವ ನಸುಕಿನ್ಯಾಗ ಅಲ್ಲೀಗೇ ಹೋಗ್ತಿದ್ನೇನು?” ಎಂದು ಕೇಳಿದರು. ಹೌದ್ರಿ ಎಂದೆ. ಆವತ್ತಿನಿಂದ ದಿನಾ ಬರುತ್ತಾರೆ, ದಿನಾ ಬೈಯುತ್ತಾರೆ.

ಇಳಿಯುವಾಗ ರೀಲಿನಲ್ಲಿ ಉಳಿದದ್ದನ್ನು ಊರಿಗೆ ಖರ್ಚು ಮಾಡುತ್ತೇನೆ. ಮಜ್ಜಿಗೆಯ ಅಂಬವ್ವ ಗಡಿಗೆ ಇಳಿಸುವುದು, ಯಾದಗಿರಿಯ ಗಿರಣಿಗೆ ಹೊರಟ ಹತ್ತಿಯ ಬಂಡಿಗಳು, ನಿಮ್ಮ ಶಾಲೆಯ ಬೋರ್ಡಿನ ಉರ್ದು ಅಕ್ಷರದ ಮೇಲೆ ಸುಣ್ಣ ಬಳಿದು ಪೇಂಟರ್ ಕನ್ನಡ ಬರೆಯುತ್ತಿರುವುದು. ಅವನು ‘ಶಾ’ ಬರೆದು ನಿಂತಿದ್ದ. ಹಳೆಯ ಅಕ್ಷರ ಸುಣ್ಣದಡಿಯಿಂದ ಇನ್ನೂ ಇಣುಕುತ್ತಿದೆ, ನೋಡಿ.

ಹುಲಗಪ್ಪನವರಿಗೆ ಹೇಳಿ, ಅವರ ಕೆಲಸವೂ ಆಯಿತು. ಅವರು ತಮ್ಮ ಮುದನಾಳದ ಮನೆಯ ಅಂಗಳದ ಫೋಟೋ ಕೇಳಿದ್ದರು. ಅತ್ತೆಯನ್ನು ಕರೆದುಕೊಂಡು ಹೋಗಿ ಅವರ ಹೆಂಡತಿ ಮಕ್ಕಳನ್ನು ಎಮ್ಮೆಯ ಪಕ್ಕ ನಿಲ್ಲಿಸಿ ತೆಗೆದಿದ್ದೇನೆ. ಆ ತಾಯಿ ಫೋಟೋಕ್ಕೆ ನಿಲ್ಲುವಾಗ ಸೆರಗಿನ ಹರಕು ಕಾಣದಂತೆ ಮಗುವನ್ನು ಅಡ್ಡ ಎತ್ತಿಕೊಂಡರು. ಅದನ್ನು ಅವರಿಗೆ ಹೇಳಬೇಡಿ.

ಮುಂದಿನ ಪತ್ರದಲ್ಲಿ ಒಂದು ಸಾಲಾದರೂ ನಿಮ್ಮ ಕೈಯಿಂದ ಬರೆಯಿರಿ. ಅಕ್ಷರ ಸೊಟ್ಟಗಾದರೂ ಆಗಲಿ.

ನಿಮ್ಮ
ಮೋನಮ್ಮ


ಶಹಾಪುರ
೬ ನವೆಂಬರ್ ೧೯೫೬

ಮಾಸ್ತರರಿಗೆ ಮೋನಮ್ಮನ ನಮಸ್ಕಾರಗಳು.

ನಿಮ್ಮ ಕೈಬರಹದ ಪತ್ರ ಬಂದು ಹತ್ತಿರ ಹತ್ತಿರ ಎರಡು ವಾರ. ಕಫದಲ್ಲಿ ರೋಗವಿಲ್ಲ, ನವೆಂಬರ್ ಕೊನೆಗೆ ಮನೆಗೆ ಹೋಗಬಹುದು ಎಂದು ದೊಡ್ಡ ಡಾಕ್ಟರರು ಹೇಳಿದ್ದನ್ನು ಅತ್ತೆಗೆ ಓದಿದೆ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ಒಳಗೆ ಹೋಗಿ ನೀವು ಹೊದೆಯುವ ಕೌದಿಯನ್ನು ಬಿಸಿಲಿಗೆ ಹಾಕಿದರು. ಕೂಡಲೇ ಉತ್ತರ ಬರೆಯಬೇಕಿತ್ತು, ಕ್ಷಮಿಸಿ. ಯಾಕೆ ಬರೆಯಲಾಗಲಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಊರ ಸುದ್ದಿ. ಒಂದನೇ ತಾರೀಖಿಗೆ ನಾವು ಮೈಸೂರು ರಾಜ್ಯದವರಾದೆವು. ಶಾಲೆಯ ಮಕ್ಕಳು ಬಾವುಟ ಹಿಡಿದು ಬಜಾರದಲ್ಲಿ ಸಾಗಿದರು, ಪೇಢೆ ಹಂಚಿದರು. ಕಚೇರಿಯ ಮುನ್ಶಿಗಳು ಮಾತ್ರ ಇನ್ನು ಯಾವ ಊರಿಗೆ ಬದಲಿಯಾಗುತ್ತದೋ ಎಂದು ಮುಖ ಸಣ್ಣ ಮಾಡಿಕೊಂಡಿದ್ದಾರೆ. ಅತ್ತೆ ಪೇಢೆ ತಿನ್ನುತ್ತ, “ನಿಜಾಮನ ರಾಜ್ಯದಾಗ ಹುಟ್ಟಿದೆ, ಹೈದರಾಬಾದ ಸರಕಾರದಾಗ ಮುದುಕಿ ಆದೆ, ಈಗ ಮೈಸೂರಂತ. ನಾ ಅಂತೂ ಈ ಕಟ್ಟಿ ಬಿಟ್ಟು ಎಲ್ಲೀಗೂ ಹೋಗಿಲ್ಲ” ಎಂದರು. ನನಗೆ ನಿಮ್ಮ ನೆನಪಾಯಿತು. ನೀವು ಮಲಗಿದಲ್ಲೇ ಬೇರೆ ರಾಜ್ಯದವರಾಗಿಬಿಟ್ಟಿರಿ.

ಹುಲಗಪ್ಪನವರು ಫೋಟೋ ನೋಡಿದ ಮೇಲೆ ಹೆಂಡತಿ ಮಕ್ಕಳ ಮಾತೇ ಎತ್ತದೆ “ಬೇವಿನ ಗಿಡ ಕಡದಾರ” ಎಂದು ದಿನವಿಡೀ ಗೋಡೆಯ ಕಡೆ ತಿರುಗಿ ಮಲಗಿದರು, ಮರುದಿನದಿಂದ ಅದನ್ನು ಕೈಬಿಡದೆ ನೋಡುತ್ತಾರೆ ಎಂದು ಬರೆದಿದ್ದಿರಿ. ಆ ಗಿಡ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಅವರ ಹೆಂಡತಿಯನ್ನು ಕೇಳಿದೆ. ಬಾಗಿಲಿಗೆ ಮರ ಬೇಕಾಗಿತ್ತಂತೆ. “ಅವರು ಬರೂದ್ರಾಗ ಬಾಗಲಾ ಗಟ್ಟಿ ಆಗಬೇಕಲ್ರಿ” ಎಂದರು. ಈ ಮಾತನ್ನು ಮರೆಯದೆ ಹೇಳಿ.

ಇನ್ನೊಂದು ವಿಷಯ. ಚಾಂದಪಾಶಾ ಅಣ್ಣ ನಾನು ತೆಗೆದ ಅಂಬವ್ವನ ಫೋಟೋವನ್ನು ದೊಡ್ಡದು ಮಾಡಿ ಅಂಗಡಿಯಲ್ಲಿ ತೂಗುಹಾಕಿದ್ದಾರೆ. ಅದನ್ನು ನೋಡಿದ ಕೆಲವು ಮನೆಗಳವರು, ನಮ್ಮ ಹೆಣ್ಣುಮಕ್ಕಳು ಗಂಡಸರ ಎದುರಿಗೆ ಫೋಟೋಕ್ಕೆ ಕೂಡುವುದಿಲ್ಲ, ಈ ಫೋಟೋ ತೆಗೆದ ಬಾಯಿಯವರನ್ನು ಮನೆಗೆ ಕಳಿಸುತ್ತೀರಾ ಎಂದು ಕೇಳಿದ್ದಾರಂತೆ. ಮೊದಲು ಅಣ್ಣನ ಮನೆಯಲ್ಲೇ ತೆಗೆದೆ. ಅವರ ತಾಯಿ ಚಮನಬೀ ಈ ವಯಸ್ಸಿನವರೆಗೆ ಒಮ್ಮೆಯೂ ಫೋಟೋ ತೆಗೆಸಿಕೊಂಡವರಲ್ಲ. ಮಗನ ಎದುರಿಗೂ ಸಂಕೋಚವಂತೆ. ನನ್ನ ಎದುರಿಗೆ ಕೂತು, ಮುಖ ಬಿಗಿಹಿಡಿದು, ಕೊನೆಗೆ ನಕ್ಕುಬಿಟ್ಟರು. ನಕ್ಕದ್ದನ್ನೇ ತೆಗೆದೆ. ಅಣ್ಣ ಅದನ್ನು ತೊಳೆಯುವಾಗ ಕತ್ತಲಕೋಣೆಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ.

ಈ ಕೆಲಸ ಮುಂದುವರಿಸಲೇ ಎಂದು ಅತ್ತೆಯನ್ನು ಕೇಳಿದೆ. “ಮಾಸ್ತರ ಬರಲಿ, ಕೇಳೋಣ” ಎನ್ನುತ್ತಾರೆಂದು ತಿಳಿದಿದ್ದೆ. ಅವರು “ನಾನೂ ಬರ್ತೇನಿ ಜೋಡಿ” ಎಂದರು. ಹೀಗಾಗಿ ನಿಮ್ಮನ್ನು ಕೇಳುವ ಮೊದಲೇ ಒಪ್ಪಿಕೊಂಡಿದ್ದೇನೆ.

ಬರುವ ದಿನ ಗೊತ್ತಾದರೆ ತಿಳಿಸಿ. ಯಾದಗಿರಿ ಸ್ಟೇಷನ್ನಿಗೆ ಅಣ್ಣ ಜಟಕಾ ತರುತ್ತಾರೆ. ಚಳಿ ಇದೆ, ಮಫ್ಲರ್ ಮರೆಯಬೇಡಿ. ಅತ್ತೆ ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ. ದೇವರು ನಿಮ್ಮ ಎದೆಗೆ ಬಲ ಕೊಡಲಿ, ದಾರಿಯಲ್ಲಿ ಕೆಮ್ಮು ಬಾರದಿರಲಿ ಎಂಬುದು ನನ್ನ ಬೇಡಿಕೆ.

ನಿಮ್ಮ
ಮೋನಮ್ಮ

ತಾ.ಕ. ಇದನ್ನು ಬರೆಯಲಾಗದೆಯೇ ಇಷ್ಟು ದಿನ ಪತ್ರ ತಡೆದದ್ದು. ಮದುವೆಯಾಗಿ ಬಂದಾಗಿನಿಂದ ನೀವು ಕತ್ತಲಲ್ಲೇ ಎದ್ದು ಹೋಗುತ್ತಿದ್ದಿರಿ. ಎಲ್ಲಿಗೆ ಎಂದರೆ “ಹಿಂಗ ತಿರಗ್ಯಾಡಿ ಬರ್ತೇನಿ” ಎನ್ನುತ್ತಿದ್ದಿರಿ. ಕ್ಯಾಮೆರಾ ಹೆಚ್ಚಿನ ದಿನ ಗೂಟದಲ್ಲೇ ಇರುತ್ತಿತ್ತು, ತೆಗೆದ ಫೋಟೋಗಳು ಶಾಲೆಯ ಕಪಾಟಿನಲ್ಲಿ. ಮರಳಿ ಬಂದಾಗ ನಿಮ್ಮ ಮುಖ ತಿಳಿಯಾಗಿರುತ್ತಿತ್ತು. ನನ್ನ ಎದುರಿಗೆ ಕೂತಾಗ ಅದು ಎಂದೂ ಹಾಗಿರಲಿಲ್ಲ. ನಿಮಗೆ ಇನ್ನೊಂದು ಮನೆ ಇದೆ ಎಂದು ನಾನು ತಿಳಿದಿದ್ದೆ. ಬಾವಿಗೆ ಬರುವ ಹೆಂಗಸರಲ್ಲಿ ಯಾರಿರಬಹುದು ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ತವರಿಗೂ ಹೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ. ಆ ಬಂಡೆಯ ಮೇಲೆ ಮೊದಲ ಸಲ ನಿಂತು, ನೀವು ಹೋಗುತ್ತಿದ್ದದ್ದು ಇಲ್ಲಿಗೇ ಎಂದು ಗೊತ್ತಾದಾಗ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನೊಬ್ಬ ಹೆಂಗಸಾಗಿದ್ದರೆ ಮುಚ್ಚಿಡಲು ಕಾರಣವಾದರೂ ಇರುತ್ತಿತ್ತು. ಮುಗಿಲನ್ನು ಯಾಕೆ ಮುಚ್ಚಿಟ್ಟಿರಿ? ಮಗ್ಗುಲಲ್ಲೇ ಮಲಗಿದ್ದವಳನ್ನು ಒಂದು ದಿನವಾದರೂ ಎಬ್ಬಿಸಬೇಕು ಎನಿಸಲಿಲ್ಲವೇ? ಊರಿಗೆ ಬರುವ ಮೊದಲೇ ಇದಕ್ಕೆ ಉತ್ತರ ಬರೆಯಿರಿ. ಎದುರುಬದುರು ಕೂತರೆ ನಾವಿಬ್ಬರೂ ಮತ್ತೆ ಸುಮ್ಮನಾಗಿಬಿಡುತ್ತೇವೆ.